ದನ ಬಿಡಬೇಕೆ, ಬೇಲಿ ಹಾಕಬೇಕೆ? ಪ್ರೇರಿ ಹುಲ್ಲುಗಾವಲಿನ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಅಮೆರಿಕದ ನಾರ್ತ್ ಡಕೋಟಾದಲ್ಲಿರುವ ಮಗನ ಮನೆಗೆ ಹೋಗಿದ್ದೆ. ಅಲ್ಲಿ ಎಷ್ಟೋ ವರ್ಷಗಳಿಂದ ದನ ಬಿಡದೆ ಕಾಪಾಡಿದ ಒಂದು ಪ್ರೇರಿ ಇದೆ. ಹಸಿರೇನೋ ದಟ್ಟವಾಗಿತ್ತು, ಆದರೆ ಅಲ್ಲಿನವರು 'ಇದು ಹಾಳಾಗಿದೆ' ಎಂದರು. ಮೇಯದೆ ಬಿಟ್ಟ ಹುಲ್ಲು ಹಾಳಾಗುವುದು ಹೇಗೆ? (ಓದುಗರು, ಶಿವಮೊಗ್ಗ)

ಉತ್ತರ: ನೀವು ಕಂಡ ಹಸಿರು ಬಹುಶಃ ಅಲ್ಲಿನ ಮೂಲ ಹುಲ್ಲಿನದಲ್ಲ. ಅಂಥ ಜಾಗದಲ್ಲಿ ಬಗ್ಗಿ ಹುಲ್ಲನ್ನು ಎರಡೂ ಕೈಯಿಂದ ಬಿಡಿಸಿ ನೋಡಿದರೆ, ಬುಡದಲ್ಲಿ ಹಿಂದಿನ ವರ್ಷಗಳ ಒಣ ಹುಲ್ಲು ಬೂದುಬಣ್ಣದ ಚಾಪೆಯ ಹಾಗೆ ಹೆಣೆದುಕೊಂಡಿರುತ್ತದೆ. ಕೆಳಗಿನ ಮಣ್ಣು ತಂಪಾಗಿ ತೇವವಾಗಿರುತ್ತದೆ, ಬೆಳಕು ಅಲ್ಲಿಗೆ ಇಳಿಯುವುದೇ ಇಲ್ಲ. ಈ ನೆರಳು ಕೆಂಟಕಿ ಬ್ಲೂಗ್ರಾಸ್ ಮತ್ತು ಸ್ಮೂತ್ ಬ್ರೋಮ್‌ಗೆ ಒಗ್ಗುತ್ತದೆ. ಹೊರಗಿನಿಂದ ಬಂದ ಈ ಎರಡೂ ಹುಲ್ಲುಗಳು ಹಿಮ ಕರಗಿದ ಕೂಡಲೇ ಚಿಗುರಿ, ನೆಲದೊಳಗಿನ ಕಾಂಡದಿಂದ ಹಬ್ಬುತ್ತವೆ. ಬಿಸಿಲೇರಿದ ಮೇಲೆ ಏಳುವ ಲಿಟಲ್ ಬ್ಲೂಸ್ಟೆಮ್, ಬ್ಲೂ ಗ್ರಾಮಾ ಹುಲ್ಲುಗಳಿಗೂ ಎಕಿನೇಶಿಯಾದಂಥ ಹೂಗಿಡಗಳಿಗೂ ಅಷ್ಟು ಹೊತ್ತಿಗೆ ಜಾಗವೇ ಉಳಿದಿರುವುದಿಲ್ಲ. ಪ್ರೇರಿ ಬೆಳೆದು ಬಂದದ್ದು ಕಾಡುಕೋಣದಂಥ ಬೈಸನ್ ಹಿಂಡು ಮತ್ತು ಬೆಂಕಿಯ ಜೊತೆಯಲ್ಲಿ. ಎರಡನ್ನೂ ತಡೆದರೆ ಅದು ಕಾಪಾಡಿದಂತಾಗುವುದಿಲ್ಲ.

ದಾರಿ ಇದೆ. ವಸಂತದ ಆರಂಭದಲ್ಲಿ, ಹೊರಗಿನ ಹುಲ್ಲು ಮೂರು ಎಲೆ ಬಿಟ್ಟಾಗ, ದನವನ್ನು ಒತ್ತಾಗಿ ಬಿಟ್ಟು ಗಡದ್ದಾಗಿ ಮೇಯಿಸಬೇಕು. ಮೂಲ ಹುಲ್ಲು ಮೇಲೇಳುವ ಮೊದಲೇ ದನ ಹೊರಗೆ ಬರಬೇಕು. ಹಲವರು ಎಡವುವುದು ಇಲ್ಲೇ: 'ಇನ್ನೂ ಮೇವಿದೆಯಲ್ಲ' ಎಂದು ಎರಡು ವಾರ ಹೆಚ್ಚು ಬಿಡುತ್ತಾರೆ, ಏಟು ಮೂಲ ಹುಲ್ಲಿಗೇ ಬೀಳುತ್ತದೆ. ಇಡೀ ಋತು ನೆಲಕ್ಕೆ ಹತ್ತುವಂತೆ ಮೇಯಿಸಿದರೂ ಗೆಲ್ಲುವುದು ಬ್ಲೂಗ್ರಾಸೇ. ಒಂದು ವರ್ಷಕ್ಕೆ ಫಲ ಕಾಣುವುದಿಲ್ಲ, ವರ್ಷವರ್ಷ ಮಾಡಬೇಕು.

ಪ್ರಶ್ನೆ: ಎಷ್ಟು ಮೇಯಿಸಿದರೆ ಸಾಕು ಎಂದು ಅಳೆಯುವುದು ಹೇಗೆ? 'ಅರ್ಧ ತೆಗೆ, ಅರ್ಧ ಬಿಡು' ಎನ್ನುವುದಕ್ಕೆ ಆಧಾರವಿದೆಯೆ? (ಓದುಗರು, ಚಿತ್ರದುರ್ಗ)

ಉತ್ತರ: ಇದೆ, ಆಧಾರ ಬೇರಿನಲ್ಲಿದೆ. ಅಮೆರಿಕದ ಸಂಶೋಧಕ ಫ್ರಾಂಕ್ಲಿನ್ ಕ್ರೈಡರ್ 1955ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಎಲೆಯ ಶೇ. 40ರಷ್ಟು ಕತ್ತರಿಸಿದಾಗ ಬೇರಿನ ಬೆಳವಣಿಗೆ ನಿಲ್ಲಲಿಲ್ಲ. ಶೇ. 80ರಷ್ಟು ಕತ್ತರಿಸಿದಾಗ ಸುಮಾರು ಹನ್ನೆರಡು ದಿನ ಪೂರ್ತಿ ನಿಂತುಹೋಯಿತು. ಬೇರು ನಿಂತ ಹುಲ್ಲನ್ನು ದನ ಮತ್ತೆ ಕಚ್ಚಿದರೆ ಅದು ಬರಗಾಲಕ್ಕೆ ಮೊದಲು ಸಾಯುವ ಗಿಡವಾಗುತ್ತದೆ.

ಅಳತೆ ಹೀಗೆ: 50 ಸೆಂ.ಮೀ. ಉದ್ದಗಲದ ಕಂಬಿಯ ಚೌಕಟ್ಟು ಮಾಡಿಕೊಳ್ಳಿ. ಹುಲ್ಲು ಪೂರ್ತಿ ಬೆಳೆದ ಹೊತ್ತಿನಲ್ಲಿ, ಹೆಜ್ಜೆ ಎಣಿಸಿ ನಡೆದು ಕನಿಷ್ಠ ಹತ್ತು ಕಡೆ ಅದನ್ನು ಇಡಿ. ಒಳಗಿನ ಈ ವರ್ಷದ ಹುಲ್ಲನ್ನಷ್ಟೇ ನೆಲಮಟ್ಟಕ್ಕೆ ಕೊಯ್ದು, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. ಸರಾಸರಿ ಗ್ರಾಂ ಅನ್ನು 40ರಿಂದ ಗುಣಿಸಿದರೆ ಹೆಕ್ಟೇರಿಗೆ ಎಷ್ಟು ಕಿಲೋ ಎಂದು ಸಿಗುತ್ತದೆ. 100 ಗ್ರಾಂ ಬಂದರೆ 4,000 ಕಿಲೋ. ಅದರಲ್ಲಿ ಅರ್ಧ ನೆಲದಲ್ಲೇ ಉಳಿಯಬೇಕು. ಇನ್ನರ್ಧದಲ್ಲೂ ಒಂದು ಪಾಲು ತುಳಿತಕ್ಕೆ, ಹುಳುಗಳಿಗೆ ಹೋಗುತ್ತದೆ. ದನದ ಬಾಯಿಗೆ ಕಾಲು ಭಾಗ, ಅಂದರೆ 1,000 ಕಿಲೋ. 450 ಕಿಲೋ ತೂಗುವ ಹಸು ದಿನಕ್ಕೆ ಸುಮಾರು 12 ಕಿಲೋ ಒಣಮೇವು ತಿನ್ನುತ್ತದೆ. ಅಲ್ಲಿಗೆ ಒಂದು ಹೆಕ್ಟೇರ್ ಒಂದು ಹಸುವಿಗೆ 83 ದಿನ ಸಾಕು. 150 ದಿನದ ಮೇವಿಗೆ ಹಸುವೊಂದಕ್ಕೆ 1.8 ಹೆಕ್ಟೇರ್ ಬೇಕು.

ಚೆನ್ನಾಗಿ ಬೆಳೆದ ಕಡೆ ಹುಡುಕಿ ಚೌಕಟ್ಟು ಇಡುವುದು, ಹಳೆಯ ಒಣ ಹುಲ್ಲನ್ನೂ ತೂಗುವುದು, ಒಳ್ಳೆಯ ಮಳೆಯ ವರ್ಷದ ಲೆಕ್ಕವನ್ನೇ ಕಾಯಂ ಮಾಡಿಕೊಳ್ಳುವುದು, ಈ ಮೂರರಿಂದಲೇ ಲೆಕ್ಕ ತಪ್ಪುತ್ತದೆ.

ಬಿಡುವು ಕೊಡುವಾಗ ಎಷ್ಟು ದಿನ ಎನ್ನುವುದಕ್ಕಿಂತ ಯಾವಾಗ ಎನ್ನುವುದು ದೊಡ್ಡದು. ಕನ್ಸಾಸ್‌ನ ಫ್ಲಿಂಟ್ ಹಿಲ್ಸ್‌ನಲ್ಲಿ ವಸಂತದಿಂದ ಜುಲೈ ಮಧ್ಯದವರೆಗೆ ಎರಡು ಪಟ್ಟು ದನ ಬಿಟ್ಟು ಆಮೇಲೆ ಪೂರ್ತಿ ತೆಗೆಯುವ ಪದ್ಧತಿ ಇದೆ. ಅಲ್ಲಿನ ಮೂಲ ಹುಲ್ಲಾದ ಬಿಗ್ ಬ್ಲೂಸ್ಟೆಮ್ ಉಳಿದ ಋತುವಿನಲ್ಲಿ ಬೇರಿಗೆ ಆಹಾರ ತುಂಬಿಕೊಳ್ಳುತ್ತದೆ. ದನಕ್ಕೂ ಹುಲ್ಲಿಗೂ ಇದು ಒಳ್ಳೆಯದು. ಆದರೆ ಜೊತೆಗೆ ಪ್ರತಿವರ್ಷ ಇಡೀ ಬಯಲನ್ನು ಸುಟ್ಟರೆ ನೆಲಹಕ್ಕಿಗಳಿಗೆ ಮರೆಯೇ ಉಳಿಯುವುದಿಲ್ಲ. ಬದಲಿಗೆ ವರ್ಷಕ್ಕೆ ಮೂರನೇ ಒಂದು ಭಾಗ ಮಾತ್ರ ಸುಡುವುದು ಮೇಲು ಎಂಬುದು ನಮ್ಮ ಅಭಿಪ್ರಾಯ. ದನ ತಾವಾಗಿಯೇ ಸುಟ್ಟ ಜಾಗದ ಎಳೆ ಚಿಗುರಿಗೆ ಹೋಗುತ್ತವೆ, ಉಳಿದೆರಡು ಭಾಗಕ್ಕೆ ಒಳಗೆ ಬೇಲಿಯಿಲ್ಲದೆಯೇ ಬಿಡುವು ಸಿಗುತ್ತದೆ.

ಪ್ರಶ್ನೆ: ಬೈಸನ್ ಮೇದರೂ ಹಸು ಮೇದರೂ ಒಂದೇ ಅಲ್ಲವೆ? (ಓದುಗರು, ಮೈಸೂರು)

ಉತ್ತರ: ಪೂರ್ತಿ ಒಂದೇ ಅಲ್ಲ. ಬೈಸನ್ ಹೆಚ್ಚುಕಡಿಮೆ ಹುಲ್ಲನ್ನಷ್ಟೇ ತಿಂದು ಹೂಗಿಡಗಳನ್ನು ಬಿಡುತ್ತದೆ, ನೆಲದಲ್ಲಿ ಹೊರಳಿ ಗುಂಡಿ ಮಾಡುತ್ತದೆ. ಹಸು ಹೂಗಿಡಗಳನ್ನೂ ಸ್ವಲ್ಪ ತಿನ್ನುತ್ತದೆ. ಕನ್ಸಾಸ್‌ನ ಕೊಂಜಾ ಪ್ರೇರಿ ಎಂಬ ಸಂಶೋಧನಾ ಪ್ರದೇಶದಲ್ಲಿ 1987ರಲ್ಲಿ ಬೈಸನ್ ತಂದು ಬಿಟ್ಟರು. 29 ವರ್ಷಗಳ ದಾಖಲೆ 2022ರಲ್ಲಿ ಪ್ರಕಟವಾಯಿತು: ಬೈಸನ್ ಮೇದಲ್ಲಿ ಮೂಲ ಸಸ್ಯಜಾತಿಗಳ ಸಂಖ್ಯೆ ಮೇಯಿಸದ ಜಾಗದ ಎರಡರಷ್ಟಾಗಿತ್ತು. ಹಸು ಮೇದಲ್ಲೂ ಏರಿತ್ತು, ಅಷ್ಟಲ್ಲ. ಒಂದು ಮಾತು ನೆನಪಿರಲಿ: ಅಲ್ಲಿ ಬೈಸನ್ ವರ್ಷವಿಡೀ ಇರುತ್ತವೆ, ಹಸುಗಳನ್ನು ಬೆಳೆಯುವ ಋತುವಿನಲ್ಲಿ ಮಾತ್ರ ಬಿಡುತ್ತಾರೆ.

ಪ್ರಶ್ನೆ: ದನ ಮೇಯಲು ಮೀಸಲಿಟ್ಟ ನಮ್ಮ ಕಾವಲುಗಳಿಗೆ ಇದು ಅನ್ವಯಿಸುತ್ತದೆಯೆ? (ಓದುಗರು, ಕಡೂರು)

ಉತ್ತರ: ತತ್ತ್ವ ಹೊಂದುತ್ತದೆ, ಅಲ್ಲಿನ ಪಂಚಾಂಗ ಹೊಂದುವುದಿಲ್ಲ. ಅಮೃತಮಹಲ್ ಕಾವಲುಗಳನ್ನು ಬೇಸಿಗೆ, ಮಳೆ, ಚಳಿಗೆಂದು ಬೇರೆಬೇರೆಯಾಗಿ ಗುರುತಿಸಿದ್ದರು. ಹಿಂಡು ಒಂದು ಕಡೆ ಇದ್ದಾಗ ಇನ್ನೊಂದು ಕಡೆಯ ಹುಲ್ಲಿಗೆ ಬಿಡುವು ಸಿಗುತ್ತಿತ್ತು. ಚೌಕಟ್ಟಿನ ಅಳತೆಯನ್ನು ನೀವೂ ಮಾಡಬಹುದು. ಮಳೆಗಾಲ ಮುಗಿದು ಹುಲ್ಲು ತೆನೆ ಬಿಟ್ಟಾಗ ಕೊಯ್ದು ತೂಗಿ, ನಿಮ್ಮ ದನಗಳ ತೂಕಕ್ಕೆ ತಕ್ಕಂತೆ ದಿನದ ಮೇವನ್ನು ಕಡಿಮೆ ಮಾಡಿ ಲೆಕ್ಕ ಹಾಕಿ. 300 ಕಿಲೋ ಹಸುವಿಗೆ 12ರ ಬದಲು 8 ಕಿಲೋ ಹಿಡಿದರೆ ಸಾಕು.