ಮಾನಿಟರ್‌ನಲ್ಲಿ 98 ಇದ್ದರೂ ಆಕ್ಸಿಜನ್ ಸಾಲದೇ?

ಪ್ರಶ್ನೆ: ಹೊಟ್ಟೆಯೊಳಗೆ ರಕ್ತಸ್ರಾವವಾಗಿ ಅಪ್ಪ ಐಸಿಯುನಲ್ಲಿದ್ದಾರೆ. ಮಾನಿಟರ್‌ನಲ್ಲಿ ಆಕ್ಸಿಜನ್ 98 ಇದೆ. ಆದರೂ ಡಾಕ್ಟರು, ‘ಅಂಗಾಂಗಗಳಿಗೆ ಆಕ್ಸಿಜನ್ ಸಾಲುತ್ತಿಲ್ಲ, ಲ್ಯಾಕ್ಟೇಟ್ ಜಾಸ್ತಿಯಿದೆ’ ಅಂತಾರೆ. ಹಾಗಿದ್ದರೆ ಆಕ್ಸಿಜನ್ ಇನ್ನಷ್ಟು ಏರಿಸಬಾರದೇ?

ಉತ್ತರ: 98 ಸುಳ್ಳಲ್ಲ. ಆದರೆ ಅದು ಹೇಳುವುದು ಬಸ್ಸಿನ ಸೀಟುಗಳು ಭರ್ತಿಯಾಗಿವೆ ಎಂದಷ್ಟೇ. ರೂಟಿನಲ್ಲಿ ಎಷ್ಟು ಬಸ್ಸಿವೆ, ಎಷ್ಟು ಟ್ರಿಪ್ ಹೊಡೆಯುತ್ತಿವೆ ಎಂಬುದು ಬೆರಳಿನ ಕ್ಲಿಪ್‌ಗೆ ಗೊತ್ತಾಗುವುದಿಲ್ಲ. ಬಸ್ಸೆಂದರೆ ಹಿಮೋಗ್ಲೋಬಿನ್, ಟ್ರಿಪ್ಪೆಂದರೆ ಹೃದಯ ನಿಮಿಷಕ್ಕೆ ನೂಕುವ ರಕ್ತ.

ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿ.ಲೀ. ಆಕ್ಸಿಜನ್ ಹೊರುತ್ತದೆ. ಹಿಮೋಗ್ಲೋಬಿನ್ 15 ಇದ್ದು (ಅಂದರೆ 100 ಮಿ.ಲೀ. ರಕ್ತದಲ್ಲಿ 15 ಗ್ರಾಂ), ಹೃದಯ ನಿಮಿಷಕ್ಕೆ 5 ಲೀಟರ್ ನೂಕಿದರೆ ಆಕ್ಸಿಜನ್ ಸರಬರಾಜು ನಿಮಿಷಕ್ಕೆ ಸುಮಾರು 1000 ಮಿ.ಲೀ. ದೇಹ ಬಳಸುವುದು 250. ಮುಕ್ಕಾಲು ಪಾಲು ಹಾಗೇ ವಾಪಸ್. ಈಗ ಹಿಮೋಗ್ಲೋಬಿನ್ 7ಕ್ಕೆ, ಪಂಪು 3 ಲೀಟರಿಗೆ ಇಳಿಯಿತೆನ್ನಿ. ಸ್ಯಾಚುರೇಶನ್ (ಮಾನಿಟರ್ ತೋರಿಸುವ ಅಂಕಿ) ಅದೇ 98, ಸರಬರಾಜು ಮಾತ್ರ 285ರ ಆಸುಪಾಸು. ‘250 ತಾನೇ ಬೇಕು?’ ಎನ್ನಬೇಡಿ. ಬಂದದ್ದರಲ್ಲಿ ಶೇ. 60–70ಕ್ಕಿಂತ ಹೆಚ್ಚು ಹೀರಿಕೊಳ್ಳುವುದು ದೇಹಕ್ಕೆ ಕಷ್ಟ. ಕೊರತೆ ಬಿದ್ದ ಜೀವಕೋಶ ಆಕ್ಸಿಜನ್ ಬೇಡದ ದಾರಿಯಲ್ಲಿ ಶಕ್ತಿ ಹುಟ್ಟಿಸಿಕೊಳ್ಳುತ್ತದೆ. ಆ ದಾರಿಯಲ್ಲಿ ಹುಟ್ಟುವ ಪದಾರ್ಥವೇ ಲ್ಯಾಕ್ಟೇಟ್, ರಕ್ತದಲ್ಲಿ ಅದು ಏರುವುದು ಹೀಗೆ.

98ನ್ನು 100 ಮಾಡಿದರೆ ಸಿಗುವ ಲಾಭ ಶೇ. 2ರಷ್ಟು. ಒಂದು ಯೂನಿಟ್ ರಕ್ತದಿಂದ ಹಿಮೋಗ್ಲೋಬಿನ್ 7ರಿಂದ 8ಕ್ಕೆ ಬಂದರೆ ಶೇ. 14. ಪಂಪು 3ರಿಂದ 4 ಲೀಟರ್ ಆದರೆ ಶೇ. 33! ಅದಕ್ಕೇ ರಕ್ತಸ್ರಾವ ನಿಲ್ಲಿಸುವುದು, ರಕ್ತ ಮತ್ತು ಡ್ರಿಪ್ ಕೊಡುವುದು ಮೊದಲ ಕೆಲಸ. ಹಾಗಂತ ಸರಬರಾಜನ್ನು ಎಷ್ಟು ಬೇಕಾದರೂ ಏರಿಸಬಹುದೆಂದಲ್ಲ. 1994ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ ಡೊಬ್ಯುಟಮಿನ್ (ಹೃದಯ ಜೋರಾಗಿ ಪಂಪ್ ಮಾಡುವಂತೆ ಮಾಡುವ ಔಷಧಿ) ಕೊಟ್ಟು ಮಾಮೂಲಿಗಿಂತ ಮೇಲಕ್ಕೆ ಏರಿಸಲು ಹೋದ ಗುಂಪಿನಲ್ಲೇ ಸಾವು ಹೆಚ್ಚಾಯಿತು.

ದೇಹದ ಆಕ್ಸಿಜನ್ ಖರ್ಚು ತಗ್ಗಿಸುವುದೂ ಚಿಕಿತ್ಸೆಯೇ. ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಆಕ್ಸಿಜನ್ ಬಳಕೆ ಸುಮಾರು ಶೇ. 10 ಹೆಚ್ಚುತ್ತದೆ, ಜೋರು ನಡುಕ ಬಂದರೆ ಅದು ದುಪ್ಪಟ್ಟಾಗಬಹುದು. ತಣ್ಣೀರಲ್ಲಿ ಒರೆಸಿ ನಡುಕ ಬರಿಸಿದರೆ ಅಷ್ಟೂ ದಂಡ. ಏದುಸಿರು ಬಿಡುತ್ತಿದ್ದರೆ ಉಸಿರಾಟದ ಸ್ನಾಯುಗಳೇ ಸಾಕಷ್ಟು ನುಂಗುತ್ತವೆ, ಆ ಕೆಲಸವನ್ನು ವೆಂಟಿಲೇಟರ್ ವಹಿಸಿಕೊಳ್ಳುತ್ತದೆ.

ಒಂದು ಲ್ಯಾಕ್ಟೇಟ್ ರಿಪೋರ್ಟ್ ನೋಡಿ ಗಾಬರಿಯಾಗಬೇಡಿ. ಅಡ್ರಿನಲಿನ್ ಡ್ರಿಪ್, ಲಿವರ್ ತೊಂದರೆ, ಸ್ಯಾಂಪಲ್ ತಡವಾಗಿ ಪರೀಕ್ಷೆಗೆ ಹೋಗುವುದು, ಇವುಗಳಿಂದಲೂ ಅದು ಹೆಚ್ಚು ಕಾಣುತ್ತದೆ. ‘ಹಿಂದಿನದಕ್ಕಿಂತ ಇಳಿದಿದೆಯೇ? ಮೂತ್ರ ಗಂಟೆಗೆ ಎಷ್ಟು ಬರುತ್ತಿದೆ?’ ಎಂದು ಡಾಕ್ಟರನ್ನು ಕೇಳಿ. ಬೆರಳ ತುದಿಯನ್ನು 10 ಸೆಕೆಂಡ್ ಒತ್ತಿ ಬಿಟ್ಟಾಗ ಬಣ್ಣ ಮರಳಲು 3 ಸೆಕೆಂಡಿಗಿಂತ ಹೆಚ್ಚು ಹಿಡಿದರೆ, ಮಾನಿಟರ್ 98 ತೋರಿಸುತ್ತಿದ್ದರೂ ಅಲ್ಲಿಗೆ ರಕ್ತ ಸರಿಯಾಗಿ ತಲುಪುತ್ತಿಲ್ಲ.