ಸರ್ಕಾರ ಬೀಳುವುದಿಲ್ಲ, ಕೆಲಸ ನಿಲ್ಲುತ್ತದೆ

ಓದುಗರ ಪ್ರಶ್ನೆ, ನಮ್ಮ ಉತ್ತರ

ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದಿಂದಲೂ ಈ ಸಲ ಬಂದ ಪತ್ರಗಳಲ್ಲಿ ಅಮೆರಿಕದ ವಿಷಯವೇ ಜಾಸ್ತಿ. ಯಾರದೋ ಮಗಳು ಅಲ್ಲಿದ್ದಾಳೆ, ಯಾರದೋ ಸಿಗಡಿ ಅಲ್ಲಿಗೆ ಹೋಗುತ್ತದೆ. ಕೆಲವು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

2016ರಲ್ಲಿ ಹಿಲರಿ ಕ್ಲಿಂಟನ್‌ಗೆ ಜಾಸ್ತಿ ವೋಟು ಬಿದ್ದರೂ ಟ್ರಂಪ್ ಗೆದ್ದರಂತೆ. ಜಾಸ್ತಿ ವೋಟು ಬಿದ್ದವರು ಸೋಲುವುದು ಹೇಗೆ? – ಕಾರವಾರದ ಓದುಗರು

ನಿಜ, ಹಿಲರಿಗೆ 28 ಲಕ್ಷಕ್ಕೂ ಹೆಚ್ಚು ವೋಟು ಜಾಸ್ತಿ ಬಿದ್ದಿತ್ತು. ಇದು ಅಲ್ಲಿ ಮಾತ್ರ ಆಗುವಂಥದ್ದು ಅಂದುಕೊಳ್ಳಬೇಡಿ. 2018ರ ನಮ್ಮ ವಿಧಾನಸಭೆ ಚುನಾವಣೆ ನೆನಪಿಸಿಕೊಳ್ಳಿ. ಕಾಂಗ್ರೆಸ್‌ಗೆ ಶೇಕಡ 38ರಷ್ಟು ವೋಟು ಬಂದು ಸಿಕ್ಕಿದ್ದು 80 ಸೀಟು, ಬಿಜೆಪಿಗೆ ಶೇಕಡ 36ರಷ್ಟು ವೋಟು ಬಂದರೂ 104 ಸೀಟು. ವೋಟು ಎಷ್ಟು ಬಿತ್ತು ಅನ್ನುವುದರ ಜೊತೆಗೆ ಎಲ್ಲೆಲ್ಲಿ ಬಿತ್ತು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ಅಂದರೆ ಅಸಲಿಗೆ ರಾಜ್ಯ ರಾಜ್ಯವಾಗಿ ನಡೆಯುವ ಬೇರೆ ಬೇರೆ ಚುನಾವಣೆಗಳು. ಪ್ರತಿ ರಾಜ್ಯಕ್ಕೂ ಇಂತಿಷ್ಟು 'ಎಲೆಕ್ಟರ್', ಅಂದರೆ ರಾಜ್ಯದ ಪರವಾಗಿ ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳು, ಇರುತ್ತಾರೆ. ಕೆಳಮನೆಯಲ್ಲಿ, ಅಂದರೆ ಹೌಸ್‌ನಲ್ಲಿ, ಆ ರಾಜ್ಯದ ಸದಸ್ಯರು ಎಷ್ಟೋ ಅಷ್ಟು, ಅದಕ್ಕೆ ಮೇಲ್ಮನೆಯಾದ ಸೆನೆಟ್‌ನ ಇಬ್ಬರು ಸದಸ್ಯರನ್ನು, ಅಂದರೆ ಸೆನೆಟರ್‌ಗಳನ್ನು ಸೇರಿಸಿ. ಹೌಸ್‌ನ 435, ಸೆನೆಟ್‌ನ 100, ರಾಜಧಾನಿ ವಾಷಿಂಗ್ಟನ್‌ಗೆ 3, ಒಟ್ಟು 538. ಗೆಲ್ಲಲು 270 ಬೇಕು. ಮೇನ್, ನೆಬ್ರಾಸ್ಕ ಬಿಟ್ಟರೆ ಉಳಿದ 48 ರಾಜ್ಯಗಳಲ್ಲೂ ಒಂದು ವೋಟಿನಿಂದ ಮುಂದಿದ್ದರೂ ಆ ರಾಜ್ಯದ ಅಷ್ಟೂ ಎಲೆಕ್ಟರ್ ನಿಮ್ಮದೇ. ಹಾಗಾಗಿ ಕ್ಯಾಲಿಫೋರ್ನಿಯಾದಲ್ಲಿ ಎಷ್ಟು ಲಕ್ಷ ವೋಟಿನ ಅಂತರದಿಂದ ಗೆದ್ದರೂ ಒಬ್ಬನೇ ಒಬ್ಬ ಎಲೆಕ್ಟರ್ ಹೆಚ್ಚಿಗೆ ಸಿಗುವುದಿಲ್ಲ.

2000ನೇ ಇಸವಿಯಲ್ಲಂತೂ ಇಡೀ ದೇಶದ ಫಲಿತಾಂಶ ಫ್ಲೋರಿಡಾ ಎಂಬ ಒಂದು ರಾಜ್ಯದ ಮೇಲೆ ನಿಂತಿತ್ತು. ಅಲ್ಲಿ ಸುಮಾರು 60 ಲಕ್ಷ ಜನ ವೋಟು ಹಾಕಿದ್ದರು, ಬುಷ್ ಮತ್ತು ಗೋರ್ ನಡುವಿನ ಅಂತರ 537. ನಮ್ಮಲ್ಲಿ ಪುರಸಭೆಯ ಒಂದು ವಾರ್ಡಿನಲ್ಲಿ ಕಾಣುವಂಥ ಅಂತರ! ಮರುಎಣಿಕೆ ಬೇಕೋ ಬೇಡವೋ ಎಂಬ ಜಗಳ ಸುಪ್ರೀಂ ಕೋರ್ಟ್‌ಗೆ ಹೋಯಿತು, ಡಿಸೆಂಬರ್ 12ಕ್ಕೆ ಎಣಿಕೆ ನಿಂತಿತು, ಫ್ಲೋರಿಡಾದ 25 ಎಲೆಕ್ಟರ್ ಸೇರಿ ಬುಷ್‌ಗೆ 271 ಆಯಿತು.

ವಯೋಮಿಂಗ್ ಎಂಬ ಪುಟ್ಟ ರಾಜ್ಯದಲ್ಲಿ ಆರು ಲಕ್ಷ ಜನರೂ ಇಲ್ಲ, ಆದರೂ 3 ಎಲೆಕ್ಟರ್. ಸುಮಾರು 4 ಕೋಟಿ ಜನರಿರುವ ಕ್ಯಾಲಿಫೋರ್ನಿಯಾಕ್ಕೆ 54. ನನಗೆ ಇದು ನ್ಯಾಯ ಅನ್ನಿಸುವುದಿಲ್ಲ. ಆದರೆ ಬದಲಾಯಿಸಬೇಕೆಂದರೆ ಸಂವಿಧಾನ ತಿದ್ದಬೇಕು, ಅದಕ್ಕೆ 50 ರಾಜ್ಯಗಳಲ್ಲಿ 38 ಒಪ್ಪಬೇಕು. ಸಣ್ಣ ರಾಜ್ಯಗಳು ಯಾಕೆ ಒಪ್ಪುತ್ತವೆ ಹೇಳಿ?

ನಮ್ಮಲ್ಲಿ ಶಾಸಕರು ರೆಸಾರ್ಟ್ ಸೇರಿದರೆ ಸರ್ಕಾರವೇ ಬೀಳುತ್ತದೆ. ಅಮೆರಿಕದಲ್ಲಿ ಹಾಗೆ ಆಗಿದ್ದು ಕೇಳಿಲ್ಲ. ಯಾಕೆ? – ಶಿರಸಿಯ ಕಾಲೇಜು ವಿದ್ಯಾರ್ಥಿನಿ

ಇಡೀ ವಿಷಯದ ಬೇರು ಇರುವುದೇ ಇಲ್ಲಿ. ಇದೊಂದು ಅರ್ಥವಾದರೆ ಉಳಿದಿದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ನಮ್ಮಲ್ಲಿ ಮುಖ್ಯಮಂತ್ರಿ ಸದನದ ಬೆಂಬಲದ ಮೇಲೆ ನಿಂತಿರುತ್ತಾರೆ. ಸದನ ಕೈಬಿಟ್ಟರೆ ಮನೆಗೆ. 2019ರ ಜುಲೈ 23ರಂದು ವಿಶ್ವಾಸಮತ ಯಾಚಿಸಿದ ಕುಮಾರಸ್ವಾಮಿ ಸರ್ಕಾರಕ್ಕೆ ಬಿದ್ದಿದ್ದು 99, ವಿರುದ್ಧ 105, ಕಥೆ ಮುಗಿಯಿತು. ಅದರ ಬಾಲವಾಗಿ ಡಿಸೆಂಬರ್‌ನಲ್ಲಿ ನಿಮ್ಮ ಪಕ್ಕದ ಯಲ್ಲಾಪುರದಲ್ಲೂ ಉಪಚುನಾವಣೆ ನಡೆಯಿತಲ್ಲ.

ಅಮೆರಿಕದಲ್ಲಿ ಅಧ್ಯಕ್ಷರನ್ನು ಕೂರಿಸುವುದು ಸಂಸತ್ತು ಅಲ್ಲ. ಅಧ್ಯಕ್ಷರಿಗೆ ನಾಲ್ಕು ವರ್ಷ, ಹೌಸ್ ಸದಸ್ಯರಿಗೆ ಎರಡು, ಸೆನೆಟರ್‌ಗೆ ಆರು. ಎಲ್ಲರೂ ಬೇರೆ ಬೇರೆ ಚುನಾವಣೆಯಲ್ಲಿ ಗೆದ್ದು ಬಂದವರು. ಸಂಸತ್ತು ಅವಿಶ್ವಾಸ ತಂದು ಅಧ್ಯಕ್ಷರನ್ನು ಇಳಿಸುವ ಹಾಗಿಲ್ಲ, ಅಧ್ಯಕ್ಷರೂ ಸಂಸತ್ತನ್ನು ವಿಸರ್ಜಿಸುವ ಹಾಗಿಲ್ಲ. ಮಂತ್ರಿಯಾದವರು ಸಂಸತ್ತಿನಲ್ಲಿ ಕೂರುವಂತೆಯೂ ಇಲ್ಲ. 2025ರಲ್ಲಿ ವಿದೇಶಾಂಗ ಹೊಣೆ ಹೊತ್ತ ಮಾರ್ಕೊ ರುಬಿಯೊ ಅದಕ್ಕಾಗಿಯೇ ಸೆನೆಟ್ ಸೀಟು ಬಿಟ್ಟರು. ಮಂತ್ರಿಗಿರಿ ಸಿಗುತ್ತದೆ ಅಂತ ಪಕ್ಷ ಬಿಡುವ ಆಸೆ ಅಲ್ಲಿ ಹುಟ್ಟುವುದೇ ಕಷ್ಟ.

ಇನ್ನೊಂದು ದೊಡ್ಡ ವ್ಯತ್ಯಾಸ ವಿಪ್‌ನದ್ದು. 1985ರ ಪಕ್ಷಾಂತರ ನಿಷೇಧ ಕಾನೂನು ಬಂದ ಮೇಲೆ ನಮ್ಮ ಸಂಸದರು ಪಕ್ಷದ ವಿಪ್ ಮೀರಿ ವೋಟು ಹಾಕಿದರೆ ಸೀಟೇ ಹೋಗಬಹುದು. ಅಲ್ಲಿ ಹಾಗಿಲ್ಲ. 2017ರ ಜುಲೈ 28ರ ನಡುರಾತ್ರಿ ದಾಟಿದ ಮೇಲೆ ಸೆನೆಟ್‌ನಲ್ಲಿ ನಡೆದದ್ದನ್ನು ನೋಡಿ. ಒಬಾಮಾ ಕಾಲದ ಆರೋಗ್ಯ ವಿಮೆ ಕಾನೂನಿನ ಮುಖ್ಯ ಭಾಗಗಳನ್ನು ರದ್ದು ಮಾಡುವ ಮಸೂದೆ, ತಂದವರು ಟ್ರಂಪ್ ಪಕ್ಷದವರಾದ ರಿಪಬ್ಲಿಕನ್ನರು. ಅದೇ ಪಕ್ಷದ ಜಾನ್ ಮೆಕೇನ್‌ಗೆ ಮಿದುಳಿನ ಕ್ಯಾನ್ಸರ್ ಇರುವುದು ಸ್ವಲ್ಪ ದಿನದ ಹಿಂದಷ್ಟೇ ಗೊತ್ತಾಗಿತ್ತು. ಅವರು ಮುಂದೆ ನಡೆದು ಬಂದರು, ಗುಮಾಸ್ತರ ಕಡೆ ಕೈ ಚಾಚಿದರು, ಹೆಬ್ಬೆರಳು ಕೆಳಗೆ ಮಾಡಿದರು. ಅವರ ಪಕ್ಷದ ನಾಯಕ ಮಿಚ್ ಮೆಕಾನಲ್ ಕೈಕಟ್ಟಿಕೊಂಡು ಎದುರಿಗೇ ನಿಂತಿದ್ದರು. 49–51, ಮಸೂದೆ ಸತ್ತಿತು. ಮೆಕೇನ್ ಸೀಟು ಎಲ್ಲೂ ಹೋಗಲಿಲ್ಲ. ನಮ್ಮಲ್ಲೂ ಒಬ್ಬ ಸಂಸದನಿಗೆ ಇಷ್ಟು ಸ್ವಾತಂತ್ರ್ಯ ಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ, ಕಡೇ ಪಕ್ಷ ಸರ್ಕಾರದ ಅಳಿವು ಉಳಿವು ಇಲ್ಲದ ಮಸೂದೆಗಳಲ್ಲಾದರೂ.

ಅಧ್ಯಕ್ಷರನ್ನು ಇಳಿಸಲು ಇರುವ ದಾರಿ ಮಹಾಭಿಯೋಗ. ಹೌಸ್ ಬಹುಮತದಿಂದ ದೋಷಾರೋಪ ಹೊರಿಸಬೇಕು, ಸೆನೆಟ್ ಮೂರನೇ ಎರಡರಷ್ಟು ವೋಟಿನಿಂದ ತಪ್ಪಿತಸ್ಥ ಎನ್ನಬೇಕು. 1868ರಲ್ಲಿ ಆಂಡ್ರ್ಯೂ ಜಾನ್ಸನ್ ಒಂದೇ ವೋಟಿನಲ್ಲಿ ಉಳಿದುಕೊಂಡರು. ಆಮೇಲೆ ಬಿಲ್ ಕ್ಲಿಂಟನ್ ಒಮ್ಮೆ, ಟ್ರಂಪ್ ಎರಡು ಸಲ ಇದನ್ನು ಎದುರಿಸಿದರು. ಹೀಗೆ ಕುರ್ಚಿ ಕಳೆದುಕೊಂಡವರು ಒಬ್ಬರೂ ಇಲ್ಲ. ನಿಕ್ಸನ್ 1974ರಲ್ಲಿ ತಾವೇ ರಾಜೀನಾಮೆ ಕೊಟ್ಟರು.

ಸರ್ಕಾರ ಬೀಳದಿದ್ದರೆ 2025ರಲ್ಲಿ 'ಸರ್ಕಾರ ಬಂದ್' ಅಂತ ಸುದ್ದಿ ಬಂದಿದ್ದೇನು? – ಹೊನ್ನಾವರ

ಬೀಳದೇ ಇರುವುದರ ಬೆಲೆಯೇ ಇದು. ಅವರ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರು. ಅಷ್ಟರೊಳಗೆ ಖರ್ಚಿನ ಮಸೂದೆ ಪಾಸಾಗದಿದ್ದರೆ ಇಲಾಖೆಗಳು ಹಣ ಮುಟ್ಟುವಂತಿಲ್ಲ. ನಮ್ಮಲ್ಲಿ ಬಜೆಟ್‌ಗೆ ಸದನದಲ್ಲಿ ಸೋಲಾದರೆ ಸರ್ಕಾರ ಹೋಗುತ್ತದೆ, ಹೊಸದು ಬರುತ್ತದೆ. ಅಲ್ಲಿ ಎಲ್ಲರೂ ಇದ್ದಲ್ಲೇ ಇರುತ್ತಾರೆ, ಕಚೇರಿಗಳ ಬಾಗಿಲು ಮುಚ್ಚುತ್ತದೆ. 2025ರಲ್ಲಿ 43 ದಿನ ಹೀಗಿತ್ತು, ಅದಕ್ಕೆ ಮುಂಚಿನ ದಾಖಲೆ 2018–19ರ 35 ದಿನ. ವಿಮಾನಗಳಿಗೆ ದಾರಿ ತೋರಿಸುವ ಕಂಟ್ರೋಲರ್‌ಗಳು ಸಂಬಳವಿಲ್ಲದೆ ಡ್ಯೂಟಿ ಮಾಡಿದರು. ನಾಯಕರ ಹಟಕ್ಕೆ ತಿಂಗಳ ಸಂಬಳದವರು ಯಾಕೆ ಒದ್ದಾಡಬೇಕು? ಬಾಕಿ ಆಮೇಲೆ ಕೊಡಬೇಕು ಅಂತ 2019ರ ಕಾನೂನಿದೆ, ಆದರೆ ಮನೆ ಬಾಡಿಗೆ ಕಾಯುವುದಿಲ್ಲವಲ್ಲ.

ಸೆನೆಟ್‌ನಲ್ಲಿ ಟ್ರಂಪ್ ಪಕ್ಷಕ್ಕೆ 53 ಜನರಿದ್ದರೂ ಯಾಕೆ ಪಾಸಾಗಲಿಲ್ಲ ಅಂದರೆ, ಚರ್ಚೆ ನಿಲ್ಲಿಸಿ ವೋಟಿಗೆ ಹಾಕಲು 60 ಜನ ಒಪ್ಪಬೇಕು. ಸಂವಿಧಾನದಲ್ಲಿ ಹಾಗಂತ ಎಲ್ಲೂ ಬರೆದಿಲ್ಲ, ಸೆನೆಟ್ ತಾನೇ ಮಾಡಿಕೊಂಡ ನಿಯಮ. ಮಸೂದೆಯನ್ನು ಹೀಗೆ ತಡೆಹಿಡಿಯುವುದಕ್ಕೆ ಫಿಲಿಬಸ್ಟರ್ ಅನ್ನುತ್ತಾರೆ. 1957ರಲ್ಲಿ ಕರಿಯರ ಮತದಾನದ ಹಕ್ಕು ಕಾಯುವ ಮಸೂದೆ ತಡೆಯಲು ಸೆನೆಟರ್ ಸ್ಟ್ರಾಮ್ ಥರ್ಮಂಡ್ 24 ಗಂಟೆ 18 ನಿಮಿಷ ಮಾತಾಡಿದರು, ಮಸೂದೆ ಮಾತ್ರ ಪಾಸಾಯಿತು. ಈಗ ಅಷ್ಟು ಮಾತಾಡುವ ಕಷ್ಟವೂ ಬೇಕಿಲ್ಲ, 41 ಜನ ಒಪ್ಪದಿದ್ದರೆ ಸಾಕು.

ಗಜನಿಯಲ್ಲಿ (ಉಪ್ಪುನೀರಿನ ಗದ್ದೆಯಲ್ಲಿ) ಸಿಗಡಿ ಸಾಕುತ್ತೇವೆ. ಅಧ್ಯಕ್ಷರೊಬ್ಬರೇ ಸುಂಕ ಏರಿಸಬಹುದೇ? ಅವರ ಸಂಸತ್ತು ಏನು ಮಾಡುತ್ತಿರುತ್ತದೆ? – ಕುಮಟಾ

ಸಂವಿಧಾನದ ಪ್ರಕಾರ ತೆರಿಗೆ, ಸುಂಕ ಹಾಕುವ ಅಧಿಕಾರ ಸಂಸತ್ತಿನದ್ದು. 1930ರಲ್ಲಿ ಸಾವಿರಾರು ವಸ್ತುಗಳಿಗೆ ಸಂಸತ್ತೇ ಕೂತು ಸುಂಕ ಬರೆದಿತ್ತು. 1934ರಿಂದ ಈ ಅಧಿಕಾರ ಸ್ವಲ್ಪ ಸ್ವಲ್ಪವೇ ಅಧ್ಯಕ್ಷರ ಕೈಗೆ ಜಾರಿತು. 1962, 1974ರ ಕಾನೂನುಗಳು ಇನ್ನಷ್ಟು ಕೊಟ್ಟವು. 2025ರ ಆಗಸ್ಟ್ 27ಕ್ಕೆ ನಮ್ಮ ಸರಕಿನ ಮೇಲೆ ಶೇಕಡ 50 ಬಿತ್ತಲ್ಲ, ಅದಕ್ಕೆ ಬಳಸಿದ್ದು ಅಮೆರಿಕದ 1977ರ ತುರ್ತು ಪರಿಸ್ಥಿತಿ ಕಾನೂನು. ಅದರಲ್ಲಿ ಸುಂಕದ ಮಾತೇ ಇಲ್ಲ, ಹಾಗಾಗಿಯೇ ವಿಷಯ ಅಲ್ಲಿನ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು.

ಸಂಸತ್ತು ಹೊಸ ಕಾನೂನು ಮಾಡಿ ಇದನ್ನು ತಡೆಯಬಹುದು. ಆದರೆ ಅಧ್ಯಕ್ಷರು ವೀಟೊ ಹಾಕುತ್ತಾರೆ, ಅಂದರೆ ಸಹಿ ಹಾಕದೆ ತಿರಸ್ಕರಿಸುತ್ತಾರೆ, ಅದನ್ನು ಮೀರಲು ಎರಡೂ ಮನೆಯಲ್ಲಿ ಮೂರನೇ ಎರಡರಷ್ಟು ಬೇಕು. ಅಧಿಕಾರ ಕೊಡುವುದು ಸುಲಭ, ವಾಪಸ್ ಕೇಳುವುದು ಬಹಳ ಕಷ್ಟ ಮಾರಾಯ್ರೆ. ನೀವು ಗಮನ ಇಡಬೇಕಾದ ದಿನ 2026ರ ನವೆಂಬರ್ 3. ಹೌಸ್‌ನ ಅಷ್ಟೂ 435 ಸೀಟು, ಸೆನೆಟ್‌ನ ಮೂರನೇ ಒಂದರಷ್ಟು ಅವತ್ತು ಚುನಾವಣೆಗೆ ಬರುತ್ತವೆ.

ಟ್ರಂಪ್ ಮೂರನೇ ಸಲ ನಿಲ್ಲಬಹುದೇ? – ಭಟ್ಕಳ

ಇಲ್ಲ. 1951ರಲ್ಲಿ ಜಾರಿಗೆ ಬಂದ 22ನೇ ತಿದ್ದುಪಡಿ ಪ್ರಕಾರ ಒಬ್ಬರು ಎರಡು ಸಲ ಮಾತ್ರ ಅಧ್ಯಕ್ಷರಾಗಿ ಆರಿಸಿ ಬರಬಹುದು.

ಮಗಳು ಎಚ್‌-1ಬಿ ವೀಸಾದಲ್ಲಿ ಬಹಳ ವರ್ಷದಿಂದ ಅಲ್ಲಿದ್ದಾಳೆ, ತೆರಿಗೆ ಕಟ್ಟುತ್ತಾಳೆ. ವೋಟು ಹಾಕಬಹುದೇ? – ಸಿದ್ದಾಪುರ

ಹಾಕುವಂತಿಲ್ಲ. ಗ್ರೀನ್ ಕಾರ್ಡ್ ಬಂದರೂ ಆಗುವುದಿಲ್ಲ, ಪೌರತ್ವವೇ ಬೇಕು. ತಪ್ಪಿಯೂ ಹೆಸರು ನೋಂದಾಯಿಸದಂತೆ ಅವಳಿಗೆ ಹೇಳಿ. ಅದು ಅಪರಾಧ, ವೀಸಾಕ್ಕೇ ಕುತ್ತು ಬರಬಹುದು.

ಹಾಗಂತ ಅವಳು ಲೆಕ್ಕಕ್ಕೇ ಇಲ್ಲ ಅಂದುಕೊಳ್ಳಬೇಡಿ. ಹತ್ತು ವರ್ಷಕ್ಕೊಮ್ಮೆ ಜನಗಣತಿ ನೋಡಿ ಹೌಸ್ ಸೀಟು ಹಂಚುತ್ತಾರೆ. 2020ರ ಗಣತಿಯಲ್ಲೂ ಪೌರರಲ್ಲದ ನಿವಾಸಿಗಳನ್ನು ಸೇರಿಸಿಯೇ ಹಂಚಿದ್ದು. ಅವಳಿರುವ ಊರಿಗೂ ಒಬ್ಬ ಹೌಸ್ ಸದಸ್ಯರಿದ್ದಾರೆ. ವೀಸಾ ಅರ್ಜಿ ವಿನಾಕಾರಣ ಕೂತುಬಿಟ್ಟರೆ ಅವರ ಕಚೇರಿಗೆ ಬರೆಯಬಹುದು, ವೋಟಿಲ್ಲದ ನಿವಾಸಿಗಳ ಪರವಾಗಿಯೂ ಇಲಾಖೆಯನ್ನು ವಿಚಾರಿಸುವ ರೂಢಿ ಅಲ್ಲಿದೆ. ಹೌಸ್‌ನ ವೆಬ್‌ಸೈಟಿನಲ್ಲಿ ಪಿನ್‌ಕೋಡ್ ಹಾಕಿದರೆ ಸದಸ್ಯರ ಹೆಸರು ಸಿಗುತ್ತದೆ. ಬರೆಯುವಾಗ ಅರ್ಜಿಯ ರಸೀದಿ ನಂಬರ್ ಹಾಕಲಿ, ತನ್ನ ಮಾಹಿತಿ ನೋಡಲು ಒಪ್ಪಿಗೆ ಕೊಡುವ ಫಾರಂಗೂ ಸಹಿ ಮಾಡಿ ಕಳಿಸಲಿ. ಅದಿಲ್ಲದೆ ಕಚೇರಿಯವರು ಇಲಾಖೆಯನ್ನು ಕೇಳಲು ಬರುವುದಿಲ್ಲ.