ಪಕ್ಕದ ಮೇಜಿನ ಸಂಬಳ, ನಿನ್ನ ಬೇಸಿಕ್

ತಮ್ಮಾ,

ಕಾಪುವಿನಿಂದ ಶಾರ್ಜಾಕ್ಕೆ ಬಂದು ಎರಡು ತಿಂಗಳು. ಟ್ರೇಡಿಂಗ್ ಕಂಪನಿಯಲ್ಲಿ ಅಕೌಂಟ್ಸ್ ಕೆಲಸ, 4,500 ದಿರ್ಹಮ್ ಸಂಬಳ. ಪಕ್ಕದ ಮೇಜಿನಲ್ಲಿ ಕೂತು ನಿನ್ನ ಹಾಗೆಯೇ ಬಿಲ್ಲು ಎಂಟ್ರಿ ಮಾಡುವ, ಬೇರೆ ದೇಶದವನಿಗೆ 6,000. ಅದು ಗೊತ್ತಾದ ಮೇಲೆ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿಲ್ಲ, ಮ್ಯಾನೇಜರ್ ಹತ್ತಿರ ಕೇಳಲಾ, ಇಲ್ಲಿ ಎಲ್ಲರೂ ಇದನ್ನು ಹೇಗೆ ಸಹಿಸಿಕೊಂಡಿದ್ದಾರೆ ಅಂತ ಕೇಳಿದ್ದಿ. "ಅಕ್ಕಾ, ನೀವು ಪೇರೋಲಿನಲ್ಲೇ ಇರುವುದಲ್ವಾ" ಅಂತ ಬೇರೆ ಸೇರಿಸಿದ್ದಿ. ಹೌದು, ದುಬೈಯ ಒಂದು ಕಂಟ್ರಾಕ್ಟಿಂಗ್ ಕಂಪನಿಯ ಸಂಬಳದ ಫೈಲು ತಿಂಗಳು ತಿಂಗಳು ಬ್ಯಾಂಕಿಗೆ ಹೋಗುವುದು ನನ್ನ ಕೈಯಿಂದಲೇ. ಯಾರಿಗೆ ಎಷ್ಟು ಅಂತ ನೋಡುವುದೇ ನನ್ನ ಹೊಟ್ಟೆಪಾಡು.

ಈಗ ಕೇಳಬೇಡ. ಹೆದರಿಸಲಿಕ್ಕೆ ಹೇಳುವುದಲ್ಲ. ನೀನಿನ್ನೂ ಪ್ರೊಬೇಷನ್ನಿನಲ್ಲಿದ್ದಿ. ಇಲ್ಲಿ ಅದು ಹೆಚ್ಚೆಂದರೆ ಆರು ತಿಂಗಳು, ಅಷ್ಟರೊಳಗೆ ಬೇಡ ಅಂತ ಕಂಡರೆ 14 ದಿನದ ನೋಟಿಸು ಕೊಟ್ಟು ನಿನ್ನನ್ನು ಕಳುಹಿಸಬಹುದು. ಬಂದ ಖರ್ಚೇ ಹುಟ್ಟದಿರುವಾಗ ಈ ಜಗಳ ನಿನಗೆ ದುಬಾರಿ. ಆದರೆ ಸುಮ್ಮನೆ ಕೂರು ಅಂತಲೂ ನಾನು ಹೇಳುವುದಿಲ್ಲ.

ನಿನಗೆ ಇಷ್ಟು ಉರಿಯುವುದಕ್ಕೆ ಕಾರಣ ನಮ್ಮ ಊರೇ ಅಂತ ನನ್ನ ಲೆಕ್ಕ. ಉಡುಪಿ, ಮಂಗಳೂರಿನಲ್ಲಿ ಹುಟ್ಟಿದವರಿಗೆ ಸಂಬಳ ಅಂದರೆ ಗುಟ್ಟಿನ ವಿಷಯ ಆಗಿರಲೇ ಇಲ್ಲ. 1906ರಲ್ಲಿ ಕೆನರಾ ಮತ್ತು ಕಾರ್ಪೊರೇಷನ್, 1924ರಲ್ಲಿ ಕರ್ನಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ, ಹೀಗೆ ಒಂದರ ಹಿಂದೆ ಒಂದು ಬ್ಯಾಂಕು ಹುಟ್ಟಿದ್ದು ನಮ್ಮ ಎರಡು ಪೇಟೆಗಳಲ್ಲಿ. ಬೀದಿಗೊಬ್ಬರು ಬ್ಯಾಂಕಿನವರು. 1966ರಲ್ಲಿ ಯೂನಿಯನ್ನುಗಳೂ ಬ್ಯಾಂಕುಗಳ ಸಂಘವೂ ಕೂತು ಮೊದಲ ವೇತನ ಒಪ್ಪಂದ ಮಾಡಿಕೊಂಡ ಮೇಲೆ ಕ್ಲರ್ಕಿಗೆ ಇಷ್ಟು, ಇನ್‌ಕ್ರಿಮೆಂಟ್ ಇಷ್ಟು ಅಂತ ಅಚ್ಚಾಗಿ ಬಂತು. ನನ್ನ ಚಿಕ್ಕಪ್ಪನ ಸಂಬಳ ಅವರಿಗಿಂತ ಚೆನ್ನಾಗಿ ನೆರೆಮನೆಯವರಿಗೆ ಗೊತ್ತಿತ್ತು. ಒಪ್ಪಂದ ಆಗಿ ಅರಿಯರ್ಸ್ ಬಂದರೆ ಯಾರ ಮನೆಗೆ ಫ್ರಿಜ್ಜು ಬರುತ್ತದೆ ಅಂತ ಮೊದಲೇ ಮಾತಾಗುತ್ತಿತ್ತು. ಹೆಚ್ಚು ದುಡಿದವನಿಗೂ ಕಡಿಮೆ ದುಡಿದವನಿಗೂ ಒಂದೇ ಸ್ಕೇಲು. ಅದರಲ್ಲಿ ಅನ್ಯಾಯ ಇರಲಿಲ್ಲವಾ? ಇತ್ತು, ಬೇಕಾದಷ್ಟು ಇತ್ತು. ಆದರೆ ಸ್ಕೇಲು ಎಲ್ಲರಿಗೂ ಗೊತ್ತಿದ್ದದರಿಂದ ಯಾರೂ ಅದನ್ನು ಅನ್ಯಾಯ ಅನ್ನಲಿಲ್ಲ.

ನನ್ನ ಅಮ್ಮ ಬೀಡಿ ಕಟ್ಟುತ್ತಿದ್ದರು. ಬೀಡಿ ಕಾರ್ಮಿಕರ ಕಾಯ್ದೆಯೂ 1966ರದ್ದೇ. ಸಾವಿರ ಬೀಡಿಗೆ ಇಷ್ಟು ಅಂತ ದರ, ಅದರಲ್ಲಿ ತಕರಾರು ಕಡಿಮೆ. ಮಡಿಲಲ್ಲಿ ಮೊರ ಇಟ್ಟುಕೊಂಡು ತಗಡಿನ ಅಳತೆಗೆ ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿಸಿ, ನೂಲು ಸುತ್ತಿ, ಇಪ್ಪತ್ತೈದರ ಕಟ್ಟು ಮಾಡಿ ಸಂಜೆ ಬೀಡಿ ಕಂಪನಿಯ ಬ್ರಾಂಚಿಗೆ ಹೋಗುವುದು. ಅಲ್ಲಿ ಕೂತವನು ಕಟ್ಟು ಬಿಚ್ಚಿ ನೋಡಿ, ಇದು ಸಣ್ಣ, ಇದು ಸಡಿಲ ಅಂತ ಪಕ್ಕಕ್ಕೆ ಎಸೆಯುತ್ತಿದ್ದ. ಎಲೆ ತೂಕದಲ್ಲಿ ಕಡಿಮೆ ಕೊಟ್ಟರೆ ಸಾವಿರ ತುಂಬಿಸಲಿಕ್ಕೆ ಹೊರಗಿಂದ ಎಲೆ ತರಬೇಕು, ಕೈಯಿಂದ ದುಡ್ಡು ಹಾಕಿ. ಅಮ್ಮ ಒಂದು ದಿನವೂ ದರ ಕಡಿಮೆ ಅಂತ ಬೈದದ್ದು ನಾನು ಕೇಳಿಲ್ಲ. ಅವರಿಗೆ ಸಿಟ್ಟು ಬರುತ್ತಿದ್ದದ್ದು ಅದೇ ಅಳತೆಯ ಪಕ್ಕದ ಮನೆಯವಳ ಕಟ್ಟು ಪಾಸಾಗಿ ತನ್ನದು ವಾಪಸು ಬಂದ ದಿನ. ಆ ದಿನ ಅನ್ನದ ಪಾತ್ರೆಯ ಸದ್ದೇ ಬೇರೆ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ನಿನಗೆ ನೋವಾದದ್ದು 1,500 ದಿರ್ಹಮಿಗಲ್ಲ ಮಾರಾಯ. ಯಾವ ಲೆಕ್ಕದಲ್ಲಿ ಅವನಿಗೆ ಅಷ್ಟು, ನಿನಗೆ ಇಷ್ಟು ಅಂತ ಯಾರೂ ಹೇಳಲಿಲ್ಲ, ಅದಕ್ಕೆ. ಇಲ್ಲಿ ಸ್ಕೇಲು ಗೋಡೆಗೆ ಅಂಟಿಸಿರುವುದಿಲ್ಲ. ನಮ್ಮಂಥವರಿಗೆ ಅನ್ವಯಿಸುವ ಕನಿಷ್ಠ ವೇತನ ಅಂತಲೂ ಖಾಸಗಿ ಕೆಲಸದಲ್ಲಿ ಇಲ್ಲ. ಒಬ್ಬೊಬ್ಬನದ್ದು ಒಂದೊಂದು ಒಪ್ಪಂದ.

ಆ ಲೆಕ್ಕ ನಾನು ಹೇಳುತ್ತೇನೆ. ಪಾಸ್‌ಪೋರ್ಟ್ ನೋಡಿ ಸಂಬಳ ಕೊಡುತ್ತಾರೆ ಅಂತ ಮೆಸ್ಸಿನಲ್ಲಿ ಹೇಳುತ್ತಾರಲ್ಲ, ಸುಳ್ಳಲ್ಲ. ಕಾನೂನಿನಲ್ಲಿ ಹಾಗೆ ಮಾಡುವ ಹಾಗಿಲ್ಲ. ಯುಎಇಯ 2021ರ 33ನೇ ಕಾರ್ಮಿಕ ಕಾನೂನು, 2022ರ ಫೆಬ್ರವರಿ 2ರಿಂದ ಜಾರಿಗೆ ಬಂದದ್ದು, ಜನಾಂಗ, ಬಣ್ಣ, ಧರ್ಮ, ಹುಟ್ಟಿದ ದೇಶ ನೋಡಿ ತಾರತಮ್ಯ ಕೂಡದು ಅನ್ನುತ್ತದೆ, ಒಂದೇ ಕೆಲಸಕ್ಕೆ ಹೆಂಗಸಿಗೂ ಗಂಡಸಿಗೂ ಒಂದೇ ವೇತನ ಅನ್ನುತ್ತದೆ. ಆದರೆ ಕಂಪನಿ ಎಲ್ಲಿಯೂ "ಇವನು ಭಾರತದವನು, 1,500 ಕಡಿಮೆ" ಅಂತ ಬರೆದಿಡುವುದಿಲ್ಲ. ನಿನ್ನ ಹುದ್ದೆ ಅಕೌಂಟ್ಸ್ ಅಸಿಸ್ಟೆಂಟ್, ಅವನದ್ದು ಅಕೌಂಟೆಂಟ್. ಮುಗಿಯಿತು.

ಇನ್ನೊಂದು ದಾರಿ ಇದಕ್ಕಿಂತ ನಯವಾದದ್ದು, ಹೆಚ್ಚಿನವರು ಬೀಳುವುದು ಅದರಲ್ಲೇ. ಇಂಟರ್‌ವ್ಯೂನಲ್ಲಿ ಈಗ ಎಷ್ಟು ಸಿಗುತ್ತದೆ ಅಂತ ಕೇಳುತ್ತಾರೆ. ಮಂಗಳೂರಿನ ಆಡಿಟ್ ಆಫೀಸಿನಲ್ಲಿ 22,000 ರೂಪಾಯಿ ಅಂದಿರುತ್ತಿ. ಅದು ದಿರ್ಹಮಿನಲ್ಲಿ ಸಾವಿರದ ಆಸುಪಾಸು. ಅವರು 4,500 ಅಂದಾಗ ನಿನಗೆ ಲಾಟರಿ ಹೊಡೆದ ಹಾಗೆ ಆಗುತ್ತದೆ, ಎರಡನೇ ಮಾತಿಲ್ಲದೆ ಸಹಿ. ಪಕ್ಕದವನು ಇಲ್ಲೇ ಇನ್ನೊಂದು ಕಂಪನಿಯಲ್ಲಿ 5,500ಕ್ಕೆ ಇದ್ದವನಾದರೆ 6,000ಕ್ಕಿಂತ ಕಡಿಮೆಗೆ ಅವನು ಯಾಕೆ ಬರುತ್ತಾನೆ? ಅವನು ಎಲ್ಲಿ ನಿಂತು ಸಹಿ ಹಾಕಿದ, ನೀನು ಎಲ್ಲಿ ನಿಂತು ಹಾಕಿದಿ, ಅದಕ್ಕೆ ಬಂದ ವ್ಯತ್ಯಾಸವೂ ಇದರಲ್ಲಿ ಉಂಟು. ದೇಶ ಎಷ್ಟು, ಜಾಗ ಎಷ್ಟು ಅಂತ ಬಿಡಿಸಿ ಹೇಳಲಿಕ್ಕೆ ನನ್ನ ಫೈಲಿಗೂ ಆಗುವುದಿಲ್ಲ.

ನಮ್ಮ ಸರಕಾರವೇ ಇದರಲ್ಲಿ ಒಮ್ಮೆ ಎಡವಿತ್ತು. ಕೊಲ್ಲಿಗೆ ಹೋಗುವ ಕೆಲಸಗಾರರಿಗೆ ಇಷ್ಟಕ್ಕಿಂತ ಕಡಿಮೆ ಸಂಬಳ ಕೂಡದು ಅಂತ ಭಾರತ ಹಾಕಿದ್ದ ಮಿತಿಯನ್ನು 2020ರ ಸೆಪ್ಟೆಂಬರಿನಲ್ಲಿ ಇಳಿಸಿದರು. ಬೇರೆ ದೇಶದವರಿಗೆ ಕೆಲಸ ಹೋಗಬಾರದು ಅಂತ ವಾದ. ಗಲಾಟೆ ಕೋರ್ಟಿಗೆ ಹೋಯಿತು, 2021ರ ಜುಲೈಯಲ್ಲಿ ಹಿಂದೆ ತೆಗೆದುಕೊಂಡರು. ಕೂಲಿಯವನ ಬೆಲೆಯನ್ನು ಊರಿನಲ್ಲೇ ಇಳಿಸಿ ಕಳುಹಿಸಿದರೆ ಇಲ್ಲಿಯವರು ಹೆಚ್ಚು ಕೊಡುತ್ತಾರಾ?

ಹೇಗೆ ಸಹಿಸುತ್ತಾರೆ ಅಂದೆಯಲ್ಲ. ಮೊದಲ ವರ್ಷ ಎಲ್ಲರೂ ಇಪ್ಪತ್ತು ಚಿಲ್ಲರೆಯಿಂದ ಗುಣಿಸುತ್ತಾರೆ. ಊರಿನ ಸಂಬಳದ ಜೊತೆ ಹೋಲಿಸಿದರೆ ಯಾರಿಗೂ ದೂರಿಲ್ಲ. ಆಮೇಲೆ ಗುಣಿಸುವುದು ನಿಲ್ಲುತ್ತದೆ, ಬಾಡಿಗೆ, ಬೆಡ್ ಸ್ಪೇಸು, ಊಟ ಎಲ್ಲ ದಿರ್ಹಮಿನಲ್ಲೇ ಹೋಗುವುದಲ್ಲ, ಆಗ ಪಕ್ಕದ ಮೇಜು ಕಾಣಲಿಕ್ಕೆ ಸುರುವಾಗುತ್ತದೆ. ನಿನಗೆ ಎರಡೇ ತಿಂಗಳಿಗೆ ಕಂಡಿತು, ಅಷ್ಟೇ. ಇನ್ನೂ ಕೆಲವು ವರ್ಷ ಹೋದರೆ ಬೆಂಗಳೂರಿನಲ್ಲಿ ಉಳಿದ ಕ್ಲಾಸ್‌ಮೇಟು ಫ್ಲ್ಯಾಟ್ ತೆಗೆದುಕೊಂಡ ಅಂತ ನಿದ್ರೆ ಹೋಗುತ್ತದೆ. ಸೈಟಿನಲ್ಲಿ ಬಿಸಿಲಿಗೆ ನಿಂತವನಿಗೂ, ಎಸಿ ಕೋಣೆಯ ಎಂಜಿನಿಯರನಿಗೂ ಈ ವಿಷಯದಲ್ಲಿ ವ್ಯತ್ಯಾಸ ಇಲ್ಲ.

ಗೊತ್ತಾಗದೆ ಇದ್ದರೆ ಒಳ್ಳೆಯದಿತ್ತಾ? ಡೇವಿಡ್ ಕಾರ್ಡ್ ಅಂತ ಅರ್ಥಶಾಸ್ತ್ರಜ್ಞ, 2021ರಲ್ಲಿ ನೊಬೆಲ್ ಬಂದವರು, ಇನ್ನು ಮೂವರ ಜೊತೆ ಸೇರಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನೌಕರರಲ್ಲಿ ಇದನ್ನೇ ನೋಡಿದ್ದರು. ಎಲ್ಲರ ಸಂಬಳವೂ ನೋಡಲು ಸಿಗುವ ಜಾಲತಾಣ ಉಂಟು ಅಂತ ಕೆಲವರಿಗೆ ಮಾತ್ರ ತಿಳಿಸಿದರು. ತನ್ನ ವಿಭಾಗದಲ್ಲಿ ಮಧ್ಯಕ್ಕಿಂತ ಕೆಳಗಿದ್ದವರಿಗೆ ಬೇಸರ ಹೆಚ್ಚಿತು, ಬೇರೆ ಕೆಲಸ ಹುಡುಕುವ ಯೋಚನೆ ಬಂತು. ಮೇಲಿದ್ದವರಿಗೆ ಅದರಿಂದ ಹೆಚ್ಚಿನ ಖುಷಿಯೇನೂ ಆಗಲಿಲ್ಲ. 2012ರಲ್ಲಿ ಪ್ರಕಟವಾದ ಅಧ್ಯಯನ. ನನ್ನ ಮಟ್ಟಿಗೆ ಹೇಳುವುದಾದರೆ ಗೊತ್ತಾಗುವುದೇ ಒಳ್ಳೆಯದು, ಬೇಸರ ಕಾಲಿಗೆ ಬಂದರೆ ಮನುಷ್ಯ ಇನ್ನೊಂದು ಬಾಗಿಲಿಗೆ ನಡೆಯುತ್ತಾನೆ.

ಈಗ ನಿಜವಾದ ವಿಷಯ. ನೀನು ಕಳುಹಿಸಿದ ವಿಂಗಡಣೆ ನೋಡಿದೆ. ಬೇಸಿಕ್ ಅಂದರೆ ಮೂಲ ವೇತನ 1,800, ಮನೆ ಬಾಡಿಗೆ 1,200, ಓಡಾಟ 500, ಇತರೆ 1,000. ನೀನು 4,500 ಮತ್ತು 6,000 ಅಂತ ತಲೆ ಕೆಡಿಸಿಕೊಂಡಿದ್ದಿ, ನನ್ನ ಕಣ್ಣು ಹೋದದ್ದು ಆ 1,800ರ ಮೇಲೆ. ಮುಂದೆ ನಿನ್ನ ಕೈಗೆ ಬರುವ ಹೆಚ್ಚಿನದೆಲ್ಲ ಇದರ ಮೇಲೆಯೇ ನಿಂತಿರುವುದು. ಕೆಲಸ ಬಿಡುವಾಗ ಕೈಗೆ ಬರುವ ಗ್ರಾಚ್ಯುಟಿ ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲೆ 30 ದಿನದ್ದು. ನಿನ್ನ ಒಂದು ದಿನ ಅಂದರೆ 60 ದಿರ್ಹಮ್, ವರ್ಷಕ್ಕೆ 1,260, ಐದು ವರ್ಷಕ್ಕೆ 6,300. ಅದೇ 4,500ರಲ್ಲೇ ಬೇಸಿಕ್ 2,700 ಮಾಡಿದ್ದರೆ ದಿನಕ್ಕೆ 90, ಐದು ವರ್ಷಕ್ಕೆ 9,450. ಓವರ್‌ಟೈಮೂ ಹಾಗೆಯೇ. ಬೇಸಿಕ್ಕಿನ ಗಂಟೆ ದರದ ಮೇಲೆ ಕನಿಷ್ಠ 25 ಶೇಕಡಾ, ರಾತ್ರಿ 10ರಿಂದ ಬೆಳಗ್ಗೆ 4ರ ಒಳಗಾದರೆ 50. ನಿನ್ನ ಗಂಟೆ 7.50, ಓವರ್‌ಟೈಮ್ 9.37 ಚಿಲ್ಲರೆ. ಬೇಸಿಕ್ 2,700 ಆದರೆ 14 ದಾಟುತ್ತದೆ. ಉಳಿದ ರಜೆಯನ್ನು ದುಡ್ಡು ಮಾಡಿಕೊಳ್ಳುವುದೂ ಬೇಸಿಕ್ಕಿನ ಮೇಲೆ. ತಿಂಗಳಿಗೆ 5 ದಿರ್ಹಮ್ ಕಟ್ಟುವ ಕೆಲಸ ಹೋದರೆ ಸಿಗುವ ವಿಮೆ ಉಂಟಲ್ಲ, ಅದೂ ಬೇಸಿಕ್ಕಿನ 60 ಶೇಕಡಾ, ಹೆಚ್ಚೆಂದರೆ ಮೂರು ತಿಂಗಳು, ಅದಕ್ಕೆ ಮೊದಲು ಹನ್ನೆರಡು ತಿಂಗಳು ಬಿಡದೆ ಕಟ್ಟಿರಬೇಕು. ನಿನ್ನ ಲೆಕ್ಕಕ್ಕೆ ತಿಂಗಳಿಗೆ 1,080. ಪಕ್ಕದವನ 6,000ದಲ್ಲಿ ಬೇಸಿಕ್ ಎಷ್ಟು ಅಂತ ನಿನಗೆ ಗೊತ್ತಾ? ಅವನದ್ದೂ 1,800 ಆಗಿರಬಹುದು, ಪಾಪ.

ಹಾಗಾಗಿ ಪ್ರೊಬೇಷನ್ ಮುಗಿದ ಮೇಲೆ, ಒಳ್ಳೆಯದೆಂದರೆ ವರ್ಷದ ಲೆಕ್ಕ ಮುಚ್ಚಿ ಆಡಿಟ್ ಸಲೀಸಾಗಿ ದಾಟಿದ ಮೇಲೆ, ಎರಡು ವಿಷಯ ಕೇಳು. ಹುದ್ದೆಯ ಹೆಸರು ಬದಲಾಗಬೇಕು, ಬೇಸಿಕ್ ಏರಬೇಕು. ಒಟ್ಟು ಸಂಬಳ ಏರಿಸದೆ ಬೇಸಿಕ್ ಮಾತ್ರ ಏರಿಸಿದರೂ ಕಂಪನಿಗೆ ಈ ತಿಂಗಳು ಒಂದು ದಿರ್ಹಮೂ ಹೆಚ್ಚು ಹೋಗುವುದಿಲ್ಲ, ಅದಕ್ಕೇ ಮ್ಯಾನೇಜರು "ನೋಡುವಾ" ಅನ್ನುವ ಸಂಭವ ಹೆಚ್ಚು. ಪಕ್ಕದವನ ಹೆಸರು ಎತ್ತಬೇಡ. ಎತ್ತಿದ ಕೂಡಲೇ ನಿನ್ನ ಕೆಲಸದ ಮಾತು ಬಿಟ್ಟು, ನಿನಗೆ ಇದು ಯಾರು ಹೇಳಿದ್ದು ಅನ್ನುವ ಪಂಚಾಯಿತಿ ಸುರುವಾಗುತ್ತದೆ. ಸಂಬಳ ಹೊರಗೆ ಹೇಳಬಾರದು ಅಂತ ಎಷ್ಟೋ ಒಪ್ಪಂದಗಳಲ್ಲಿ ಒಂದು ಸಾಲು ಇರುತ್ತದೆ, ಸಿಕ್ಕಿಬೀಳುವುದು ಹೇಳಿದ ಬಡಪಾಯಿ. ನಿನ್ನ ಕೈಯಲ್ಲಿ ಎಷ್ಟು ಖಾತೆ ಉಂಟು, ಬಾಕಿ ವಸೂಲಿ ಎಷ್ಟು ಬೇಗ ಆಗುತ್ತಿದೆ, ಅದನ್ನು ಕಾಗದದಲ್ಲಿ ಇಟ್ಟುಕೊಂಡು ಹೋಗು. ಆಗಲೂ ಆಗಲಿಲ್ಲವಾ, ಬೇರೆ ಕಂಪನಿಯ ಆಫರ್ ಲೆಟರು ತಾ. ಇಲ್ಲಿ ಸಂಬಳ ಏರುವುದು ಹೆಚ್ಚಾಗಿ ಹಾಗೆಯೇ. ನಿಷ್ಠೆಗೆ ಇನ್‌ಕ್ರಿಮೆಂಟ್ ಕೊಡುವ ಬ್ಯಾಂಕಿನ ಕಾಲ ಅಂತ ತಿಳಿದು ಕೂತವರನ್ನು ನಾನು ನೋಡಿದ್ದೇನೆ, ಅವರ ಹೆಸರಿನ ಮುಂದಿನ ಅಂಕಿ ಅಲ್ಲಾಡುವುದೇ ಇಲ್ಲ.

ಕಡಿಮೆ ಸಂಬಳ ಬೇರೆ, ಮೋಸ ಬೇರೆ, ಎರಡನ್ನೂ ಒಂದೇ ಬುಟ್ಟಿಗೆ ಹಾಕಬೇಡ. ಪಾಸ್‌ಪೋರ್ಟ್ ತೆಗೆದು ಬೀಗ ಹಾಕಿಟ್ಟುಕೊಳ್ಳುವುದು, ವೀಸಾ ಖರ್ಚು ಅಂತ ಸಂಬಳದಲ್ಲಿ ಕಡಿಯುವುದು, ಖಾತೆಗೆ ಪೂರ್ತಿ ಹಾಕಿ ಆಮೇಲೆ ನಗದು ವಾಪಸು ಕೇಳುವುದು, ಇವಕ್ಕೆ ಪ್ರೊಬೇಷನ್ ಮುಗಿಯಲಿ ಅಂತ ಕಾಯಬೇಡ. 2009ರಿಂದ ಸಂಬಳ ಸರಕಾರ ನೋಡುವ ವ್ಯವಸ್ಥೆಯ ಮೂಲಕವೇ ಬ್ಯಾಂಕಿಗೆ ಬರಬೇಕು, ದಾಖಲೆ ಇದ್ದೇ ಇರುತ್ತದೆ. ಕಾರ್ಮಿಕ ಸಚಿವಾಲಯಕ್ಕೆ ಫೋನಿನಲ್ಲೇ ದೂರು ಕೊಡಬಹುದು. 2024ರಿಂದ 50,000 ದಿರ್ಹಮ್ ಒಳಗಿನ ತಕರಾರನ್ನು ಅವರೇ ತೀರ್ಮಾನಿಸುತ್ತಾರೆ, ಕೋರ್ಟಿಗೆ ಅಲೆಯಬೇಕಾಗಿಲ್ಲ.

ಇನ್ನು ಊರಿನಲ್ಲಿ ಸಂಬಳ ಎಷ್ಟು ಅಂತ ಹೇಳಬೇಕಾ ಅಂತ ಕೊನೆಗೆ ಕೇಳಿದ್ದಿ. ಅಪ್ಪ ಅಮ್ಮನಿಗೆ ಹೇಳು, ಖರ್ಚು ಕಳೆದು ಉಳಿಯುವುದೆಷ್ಟು ಅಂತಲೂ ಅದೇ ಉಸಿರಿಗೆ ಹೇಳು. ಬೇರೆಯವರಿಗೆ ಬೇಡ. ದೇವಸ್ಥಾನದ ಬ್ರಹ್ಮಕಲಶಕ್ಕೆ ವಂತಿಗೆಯ ರಶೀದಿ ಪುಸ್ತಕ ಹಿಡಿದು ಬರುವವರು ದುಬೈಯವ, ಶಾರ್ಜಾದವ ಅಂತ ನೋಡುತ್ತಾರೆಯೇ ಹೊರತು ಅಕೌಂಟ್ಸ್ ಅಸಿಸ್ಟೆಂಟಾ ಮ್ಯಾನೇಜರಾ ಅಂತ ನೋಡುವುದಿಲ್ಲ. ಅಲ್ಲಿ ಮಾತ್ರ ನಮಗೆಲ್ಲ ಒಂದೇ ಸ್ಕೇಲು.

ಈ ವಾರ ಒಂದು ಕೆಲಸ ಮಾಡು. ಊರಿನಲ್ಲಿ ಸಹಿ ಹಾಕಿದ ಆಫರ್ ಲೆಟರು ಮತ್ತು ಇಲ್ಲಿ ಸಚಿವಾಲಯದಲ್ಲಿ ನೋಂದಣಿಯಾದ ಒಪ್ಪಂದ ಎರಡನ್ನೂ ಪಕ್ಕ ಪಕ್ಕ ಇಟ್ಟು ಬೇಸಿಕ್, ಹುದ್ದೆ, ಪ್ರೊಬೇಷನ್ ಮುಗಿಯುವ ತಾರೀಕು ಮೂರೂ ತಾಳೆ ಆಗುತ್ತದಾ ನೋಡು. ಆಗದಿದ್ದರೆ ಪಕ್ಕದ ಮೇಜಿನ ವಿಷಯ ಬಿಟ್ಟು ಮೊದಲು ಅದನ್ನು ನನಗೆ ಬರೆ.